ಜಾನ್ ವೆಸ್ಲಿ

ಜಾನ್ ವೆಸ್ಲಿ (1703 ಜೂನ್ 17 – 1791 ಮಾರ್ಚ್ 2) ಇಂಗ್ಲೆಂಡಿನ ಕ್ರೈಸ್ತ ಧರ್ಮಬೋಧಕರು, ಆಂಗ್ಲಿಕನ್ ಸಭೆಯ ಗುರುಗಳು ಹಾಗೂ ಮೆಥಡಿಸ್ಟ್ ಪಂಥದ ಸ್ಥಾಪಕರು. ಇಲ್ಲಿ ಕೊಟ್ಟಿರುವ ಜನ್ಮದಿನಾಂಕ ಅಂದು ಇಂಗ್ಲೆಂಡಿನಲ್ಲಿ ಬಳಕೆಯಲ್ಲಿದ್ದ ಜೂಲಿಯನ್ ಪಂಚಾಂಗದ್ದು. ಕೀರ್ತನಕಾರ ಚಾರ್ಲ್ಸ್ ವೆಸ್ಲಿ ಇವರ ತಮ್ಮ. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯಲ್ಲಿ ಆದ ಆಧ್ಯಾತ್ಮಿಕ ಅನುಭವದಿಂದಲೇ ಇವರನ್ನು ಗುರುತಿಸುವುದು ವಾಡಿಕೆ. ಆ ಅನುಭವದ ಅನಂತರ ವೆಸ್ಲಿ ಸುಮಾರು ಐವತ್ತಮೂರು ವರ್ಷ ಬದುಕಿದ್ದರು. ಮೊದಲ ಉತ್ಸಾಹ ತಣ್ಣಗಾದ ಮೇಲೆ ನಂಬಿಕೆಯನ್ನು ಜೀವಂತವಾಗಿ ಇಟ್ಟುಕೊಳ್ಳುವುದು ಹೇಗೆಂಬ ಪ್ರಶ್ನೆಗೆ ಅವರ ದುಡಿಮೆಯ ಬಹುಭಾಗ ಮೀಸಲಾಯಿತು.

ಬಾಲ್ಯ ಮತ್ತು ವಿದ್ಯಾಭ್ಯಾಸ

ವೆಸ್ಲಿ ಹುಟ್ಟಿದ್ದು ಲಿಂಕನ್‌ಶೈರ್ ಪ್ರಾಂತ್ಯದ ಎಪ್‌ವರ್ತ್ ಎಂಬ ಸಣ್ಣ ಊರಿನಲ್ಲಿ. ತಂದೆ ಸ್ಯಾಮ್ಯುಯೆಲ್ ವೆಸ್ಲಿ ಆ ಊರಿನ ಸಭಾಪಾಲಕರು. ತಾಯಿ ಸುಸಾನ ವೆಸ್ಲಿ ಹೆತ್ತ ಹತ್ತೊಂಬತ್ತು ಮಕ್ಕಳಲ್ಲಿ ಜಾನ್ ಹದಿನೈದನೆಯವರು. ಒಡಹುಟ್ಟಿದವರಲ್ಲಿ ಒಂಬತ್ತು ಮಂದಿ ಶೈಶವದಲ್ಲಿಯೇ ತೀರಿಕೊಂಡರು. 1709ರ ಫೆಬ್ರವರಿಯಲ್ಲಿ ಮನೆಗೆ ಬೆಂಕಿ ಬಿದ್ದಾಗ ಐದು ವರ್ಷದ ಜಾನ್ ಮೇಲಂತಸ್ತಿನಲ್ಲಿ ಸಿಕ್ಕಿಕೊಂಡರು. ಊರವರು ಒಬ್ಬರ ಹೆಗಲ ಮೇಲೊಬ್ಬರು ನಿಂತು ಕಿಟಕಿಯಿಂದ ಮಗುವನ್ನು ಹೊರಗೆಳೆದುಕೊಂಡರು. ತಾವು ಉರಿಯಿಂದ ಸೆಳೆದುಕೊಂಡ ಕೊಳ್ಳಿ ಎಂಬ ಬೈಬಲಿನ ಹೋಲಿಕೆಯನ್ನು ವೆಸ್ಲಿ ಬದುಕಿನುದ್ದಕ್ಕೂ ನೆನೆಯುತ್ತಿದ್ದರು.

ಮನೆಯ ಶಿಕ್ಷಣ ತಾಯಿಯದು. ಸುಸಾನ ವಾರದ ಒಂದೊಂದು ಸಂಜೆಯನ್ನು ಒಂದೊಂದು ಮಗುವಿಗೆ ಮೀಸಲಿಟ್ಟು, ಏಕಾಂತದಲ್ಲಿ ಕುಳ್ಳಿರಿಸಿಕೊಂಡು ಅದರ ಮನಸ್ಸಿನ ಸ್ಥಿತಿಯನ್ನು ವಿಚಾರಿಸುತ್ತಿದ್ದರು. ಜಾನ್‌ರ ಪಾಲಿಗೆ ಬಂದದ್ದು ಗುರುವಾರ. ಮುಂದೆ ದೊಡ್ಡವರಾದ ಮೇಲೂ ಆ ಗುರುವಾರದ ಗಳಿಗೆಯನ್ನು ಅವರು ಹಂಬಲಿಸಿ ನೆನೆದದ್ದುಂಟು. ಮೆಥಡಿಸ್ಟರ ವಾರದ ಕೂಟಗಳ ಬೇರನ್ನು ಕೆಲವರು ಹೆರ್ನ್‌ಹುಟ್‌ನಲ್ಲಿ ಹುಡುಕುತ್ತಾರೆ, ಕೆಲವರು ಆಕ್ಸ್‌ಫರ್ಡಿನಲ್ಲಿ. ಎಪ್‌ವರ್ತಿನ ಅಡುಗೆಮನೆಯ ಪಕ್ಕದಲ್ಲಿಯೇ ಹುಡುಕಿದರೂ ತಪ್ಪಾಗದು.

1714ರಲ್ಲಿ ಲಂಡನ್ನಿನ ಚಾರ್ಟರ್‌ಹೌಸ್ ಶಾಲೆಯನ್ನೂ 1720ರಲ್ಲಿ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜನ್ನೂ ಸೇರಿದರು. 1726ರಲ್ಲಿ ಲಿಂಕನ್ ಕಾಲೇಜಿನ ಫೆಲೋ ಆಗಿ ಆಯ್ಕೆಯಾದರು. 1728ರಲ್ಲಿ ಗುರುದೀಕ್ಷೆ ಪಡೆದರು. ಜೆರೆಮಿ ಟೇಲರ್, ಥಾಮಸ್ ಅ ಕೆಂಪಿಸ್ ಮತ್ತು ವಿಲಿಯಂ ಲಾ ಇವರ ಗ್ರಂಥಗಳು ಆ ಕಾಲದಲ್ಲಿ ಅವರನ್ನು ಬಹುವಾಗಿ ಕಲಕಿದವು. ಗಳಿಗೆ ಗಳಿಗೆಗೂ ಲೆಕ್ಕ ಬರೆದಿಡುವ ದಿನಚರಿಯ ಅಭ್ಯಾಸ 1725ರಲ್ಲಿಯೇ ಆರಂಭವಾಗಿತ್ತು. 1729ರಲ್ಲಿ ಚಾರ್ಲ್ಸ್ ಮತ್ತು ಗೆಳೆಯರು ಕಟ್ಟಿಕೊಂಡಿದ್ದ ಸಣ್ಣ ಗುಂಪಿಗೆ ಜಾನ್ ನಾಯಕರಾದರು. ಬುಧವಾರ ಮತ್ತು ಶುಕ್ರವಾರ ಉಪವಾಸ, ಸೆರೆಮನೆಯ ಭೇಟಿ, ಬಡಮಕ್ಕಳಿಗೆ ಪಾಠ, ತಪ್ಪದ ಕರ್ತನ ಭೋಜನ, ಇದು ಅವರ ಕ್ರಮ. ಈ ಕ್ರಮಬದ್ಧತೆಯನ್ನು ಹಾಸ್ಯಮಾಡಿ ಸಹಪಾಠಿಗಳು ಇಟ್ಟ ಅಡ್ಡಹೆಸರೇ ಮೆಥಡಿಸ್ಟ್.

ಜಾರ್ಜಿಯ

1735ರ ಅಕ್ಟೋಬರಿನಲ್ಲಿ ಸಹೋದರರಿಬ್ಬರೂ ಅಮೆರಿಕದ ಜಾರ್ಜಿಯ ವಸಾಹತಿಗೆ ಹಡಗು ಹತ್ತಿದರು. ದಾರಿಯಲ್ಲಿ ಬಿರುಗಾಳಿ ಎದ್ದು ದೊಡ್ಡ ಪಾಯಿ ಹರಿದು ನೀರು ಹಡಗಿನೊಳಕ್ಕೆ ನುಗ್ಗಿತು. ಇಂಗ್ಲಿಷರು ಚೀರಾಡುತ್ತಿರುವಾಗ ಜರ್ಮನಿಯಿಂದ ಬಂದ ಮೊರೇವಿಯನ್ ಕ್ರೈಸ್ತರು, ಹೆಂಗಸರು ಮಕ್ಕಳು ಸಹಿತವಾಗಿ, ಕೀರ್ತನೆಯನ್ನು ನಿಲ್ಲಿಸದೆ ಹಾಡುತ್ತಿದ್ದರು. ಸಾವಿಗೆ ಅಂಜಿ ನಡುಗುತ್ತಿದ್ದ ಗುರುಗಳಿಗೆ ಇದು ದೊಡ್ಡ ಪೆಟ್ಟಾಯಿತು.

ಜಾರ್ಜಿಯದ ಎರಡು ವರ್ಷ ಸುಖಾಂತವಾಗಲಿಲ್ಲ. ಮೂಲನಿವಾಸಿಗಳ ನಡುವಿನ ಸೇವೆ ಕೈಗೂಡಲಿಲ್ಲ. ಸೋಫಿಯ ಹಾಪ್ಕಿ ಎಂಬ ಯುವತಿಯನ್ನು ಪ್ರೀತಿಸಿದರೂ ಮದುವೆಯ ಮಾತನ್ನು ಮುಂದೂಡುತ್ತಲೇ ಹೋದರು; ಆಕೆ ಬೇರೊಬ್ಬರನ್ನು ವರಿಸಿದ ಮೇಲೆ, ನಿಯಮದ ನೆಪದಲ್ಲಿ ಆಕೆಗೆ ಕರ್ತನ ಭೋಜನವನ್ನು ನಿರಾಕರಿಸಿದರು. ಈ ಪ್ರಕರಣದಲ್ಲಿ ವೆಸ್ಲಿ ಅವರನ್ನು ಸಮರ್ಥಿಸುವುದು ಕಷ್ಟ. ಮೊಕದ್ದಮೆ ಹೂಡಲ್ಪಟ್ಟು, 1737ರ ಡಿಸೆಂಬರಿನಲ್ಲಿ ಅವರು ವಸಾಹತನ್ನು ತೊರೆದರು. ಪರರನ್ನು ಪರಿವರ್ತಿಸಲು ಹೊರಟ ತನ್ನನ್ನು ಪರಿವರ್ತಿಸುವವರು ಯಾರೆಂಬ ಅರ್ಥದ ಮಾತುಗಳು ಮರಳುವ ದಾರಿಯ ದಿನಚರಿಯಲ್ಲಿ ಕಾಣುತ್ತವೆ.

ಆಲ್ಡರ್ಸ್‌ಗೇಟ್ ಮತ್ತು ಅದರ ಮಾರನೆಯ ದಿನಗಳು

ಲಂಡನ್ನಿನಲ್ಲಿ ಮೊರೇವಿಯನ್ ಬೋಧಕ ಪೀಟರ್ ಬೋಲರ್ ಅವರ ಪರಿಚಯವಾಯಿತು. ತನ್ನಲ್ಲಿ ನಿಜವಾದ ನಂಬಿಕೆಯಿಲ್ಲ, ಬೋಧಿಸುವುದನ್ನು ಬಿಡಬೇಕೆ ಎಂದು ವೆಸ್ಲಿ ಕೇಳಿದಾಗ, ನಂಬಿಕೆ ದೊರೆಯುವವರೆಗೂ ಅದನ್ನೇ ಬೋಧಿಸುವಂತೆಯೂ ದೊರೆತ ಮೇಲೆ ದೊರೆತ ಕಾರಣದಿಂದ ಬೋಧಿಸುವಿರೆಂದೂ ಬೋಲರ್ ಸಲಹೆಯಿತ್ತರು. ಮರುದಿನವೇ ಗಲ್ಲಿಗೇರಲಿದ್ದ ಕೈದಿಯೊಬ್ಬನಿಗೆ ವೆಸ್ಲಿ ಹಾಗೆಯೇ ಬೋಧಿಸಿದರು ಎಂಬ ರೀತಿಯಲ್ಲಿ ಕೆಲವೆಡೆ ಕಥೆ ಬೆಳೆದಿದೆ. ಕೈದಿಗೆ ಬೋಧಿಸಿದ್ದು ನಿಜ, ಮರುದಿನವೇ ಗಲ್ಲು ಎಂಬುದು ಹಿಗ್ಗಿಸಿದ ಮಾತು.

1738ರ ಮೇ 24ರ ಸಂಜೆ ಮನಸ್ಸಿಲ್ಲದ ಮನಸ್ಸಿನಿಂದ ಅವರು ಆಲ್ಡರ್ಸ್‌ಗೇಟ್ ಬೀದಿಯ ಕೂಟವೊಂದಕ್ಕೆ ಹೋದರು. ರೋಮಾಪುರದವರಿಗೆ ಬರೆದ ಪತ್ರಿಕೆಗೆ ಲೂಥರ್ ಬರೆದ ಮುನ್ನುಡಿಯನ್ನು ಅಲ್ಲಿ ಯಾರೋ ಓದುತ್ತಿದ್ದರು. ಒಂಬತ್ತು ಗಂಟೆಗೆ ಕಾಲು ಗಂಟೆ ಇರುವಾಗ ಹೃದಯದಲ್ಲಿ ವಿಲಕ್ಷಣವಾದೊಂದು ಬೆಚ್ಚನೆಯ ಅನುಭವವಾಗಿ, ಕ್ರಿಸ್ತನು ತನ್ನ ಪಾಪಗಳನ್ನೇ ಕಳೆದನೆಂಬ ಭರವಸೆ ಮೂಡಿತೆಂದು ದಿನಚರಿ ಹೇಳುತ್ತದೆ. ಚಾರ್ಲ್ಸ್‌ಗೆ ಇಂಥದೇ ಅನುಭವ ಮೂರು ದಿನ ಮುಂಚೆ ಆಗಿತ್ತು.

ಮೆಥಡಿಸ್ಟ್ ಸಭೆಗಳಲ್ಲಿ ಈ ದಿನವನ್ನು ಇಂದಿಗೂ ಸ್ಮರಿಸುತ್ತಾರೆ. ಅದೇ ದಿನಚರಿಯ ಮುಂದಿನ ಪುಟಗಳನ್ನು ಓದುವವರು ಕಡಿಮೆ. ಆ ಸಂಜೆಯೇ, ಸಂತೋಷವೆಲ್ಲಿ ಎಂಬ ಸಂದೇಹ ಅವರನ್ನು ಕಾಡಿತು. ಮನೆ ಸೇರಿದ ಮೇಲೂ ಶೋಧನೆಗಳು ಬಿಡಲಿಲ್ಲ. ಬೇಸಿಗೆಯಲ್ಲಿ ಜರ್ಮನಿಗೆ ಹೋಗಿ ಮೊರೇವಿಯನ್ನರ ಕೇಂದ್ರವಾದ ಹೆರ್ನ್‌ಹುಟ್ ಗ್ರಾಮವನ್ನು ಕಂಡುಬಂದರು. ಅಲ್ಲಿ ಹಲವರಿಂದ ಅವರವರ ನಂಬಿಕೆಯ ಕಥನವನ್ನು ಕೇಳಿ ಬರೆದುಕೊಂಡರು. ಭರವಸೆ ಕೆಲವರಿಗೆ ತಟ್ಟನೆ, ಕೆಲವರಿಗೆ ತಡವಾಗಿ ಬಂದಿತ್ತೆಂಬುದನ್ನು ಗಮನಿಸಿದರು. ಅಕ್ಟೋಬರಿನಲ್ಲಿ ತಮ್ಮನ್ನೇ ಅಂಶ ಅಂಶವಾಗಿ ಪರೀಕ್ಷಿಸಿಕೊಂಡಾಗ ದೇವರ ಪ್ರೀತಿಯೂ ಪವಿತ್ರಾತ್ಮನ ಆನಂದವೂ ತಮ್ಮಲ್ಲಿ ನೆಲೆಸಿಲ್ಲವೆಂದು ಕಂಡುಕೊಂಡರು. 1739ರ ಜನವರಿ 4ರಂದು, ಆ ಪ್ರಸಿದ್ಧ ಸಂಜೆಯಾಗಿ ಎಂಟು ತಿಂಗಳೂ ತುಂಬುವ ಮುನ್ನ, ತಾವು ಕ್ರೈಸ್ತರೇ ಅಲ್ಲವೆಂದು ಬರೆದುಕೊಂಡರು. ಇದನ್ನು ಕೆಲವು ಹಳೆಯ ಚರಿತ್ರೆಕಾರರು ಕ್ಷಣಿಕ ಖಿನ್ನತೆಯೆಂದು ತಳ್ಳಿಹಾಕಿದ್ದಾರೆ. ವೆಸ್ಲಿ ಅದನ್ನು ಮುಚ್ಚಿಡದೆ ತಾವೇ ಅಚ್ಚು ಹಾಕಿಸಿದರೆಂಬುದನ್ನು ನೆನೆದರೆ ಅಷ್ಟು ಹಗುರವಾಗಿ ತಳ್ಳುವುದು ಸರಿಯೆನಿಸದು.

ಬಯಲು ಪ್ರಸಂಗ

ಅದೇ ವರ್ಷ ಜಾರ್ಜ್ ವಿಟ್‌ಫೀಲ್ಡ್ ಬ್ರಿಸ್ಟಲ್ ಬಳಿಯ ಕಿಂಗ್ಸ್‌ವುಡ್ಡಿನಲ್ಲಿ ಕಲ್ಲಿದ್ದಲ ಗಣಿಗಾರರಿಗೆ ಬಯಲಿನಲ್ಲಿ ಬೋಧಿಸುತ್ತಿದ್ದರು. ಅವರ ಕರೆಯಂತೆ ಬಂದ ವೆಸ್ಲಿಗೆ ಇದು ಮೊದಲು ಅಸಹ್ಯವೆನಿಸಿತ್ತು. ದೇವಾಲಯದ ಹೊರಗೆ ಆತ್ಮಗಳನ್ನು ರಕ್ಷಿಸುವುದೇ ಪಾಪವೆಂಬಷ್ಟು ಶಿಸ್ತಿನ ಮನುಷ್ಯ ಅವರು. ಆದರೂ ಏಪ್ರಿಲ್ 2ರಂದು ಊರ ಹೊರಗಿನ ದಿಬ್ಬವೊಂದರಿಂದ ಸುಮಾರು 3,000 ಮಂದಿಗೆ ಬೋಧಿಸಿದರು. ಅಲ್ಲಿಂದ ಮುಂದಕ್ಕೆ ಕುದುರೆಯ ಮೇಲೆ ನಡೆದ ಪಯಣ ಸುಮಾರು 2,50,000 ಮೈಲಿ, ಮಾಡಿದ ಪ್ರಸಂಗಗಳು ಸುಮಾರು 40,000 ಎಂದು ಸಾಮಾನ್ಯವಾಗಿ ಅಂದಾಜಿಸುತ್ತಾರೆ. ಲಗಾಮನ್ನು ಸಡಿಲ ಬಿಟ್ಟು ಕುದುರೆಯ ಮೇಲೆಯೇ ಪುಸ್ತಕ ಓದುತ್ತಿದ್ದರು. 1743ರಲ್ಲಿ ವೆಡ್ನೆಸ್‌ಬರಿಯಲ್ಲಿ ಉದ್ರಿಕ್ತ ಗುಂಪು ಅವರನ್ನು ಗಂಟೆಗಟ್ಟಲೆ ಎಳೆದಾಡಿತು. ಮೊದಲ ದಿನಗಳ ಸಭೆಗಳಲ್ಲಿ ಜನ ಅಳುವುದು, ಕೂಗುವುದು, ನೆಲಕ್ಕೆ ಬೀಳುವುದು ಸಾಮಾನ್ಯವಾಗಿತ್ತು. ಅದರಲ್ಲಿ ದೇವರ ಕೆಲಸವೂ ಇರಬಹುದು, ಸೋಗೂ ಇರಬಹುದು ಎಂದು ವೆಸ್ಲಿ ಎರಡನ್ನೂ ಒಪ್ಪುತ್ತಿದ್ದರು. ಬದುಕು ಬದಲಾಯಿತೇ ಎಂಬುದೇ ಅವರಿಗೆ ಒರೆಗಲ್ಲು.

ಸುಮ್ಮನಿರುವ ಬೋಧನೆಯ ವಿವಾದ

ಲಂಡನ್ನಿನ ಫೆಟರ್ ಲೇನ್ ಕೂಟದಲ್ಲಿ ವೆಸ್ಲಿಯೂ ಮೊರೇವಿಯನ್ನರೂ ಜೊತೆಗಿದ್ದರು. ಫಿಲಿಪ್ ಹೆನ್ರಿ ಮೋಲ್ಟರ್ ಎಂಬ ಬೋಧಕರು ಬಂದ ಮೇಲೆ ಅಲ್ಲಿ ಹೊಸದೊಂದು ಮಾತು ಹಬ್ಬಿತು. ಪೂರ್ಣ ಭರವಸೆಯಿಲ್ಲದವರಿಗೆ ನಂಬಿಕೆಯೇ ಇಲ್ಲ. ಅಂಥವರು ಪ್ರಾರ್ಥನೆ, ಬೈಬಲ್ ಪಠನ, ಕರ್ತನ ಭೋಜನ ಎಲ್ಲವನ್ನೂ ಬಿಟ್ಟು, ಕರ್ತನೇ ಬರುವ ತನಕ ಸುಮ್ಮನೆ ಕಾದಿರಬೇಕು ಎಂಬುದು ಅದರ ತಿರುಳು.

ಉತ್ಸಾಹ ಬತ್ತಿದವರಿಗೆ ಈ ಬೋಧನೆ ಎಷ್ಟು ಹಿತವೋ ಅಷ್ಟೇ ಅಪಾಯಕರವೆಂದು ವೆಸ್ಲಿ ಕಂಡರು. ಭಾವ ಬಂದ ಮೇಲೆ ಪ್ರಾರ್ಥಿಸುತ್ತೇನೆ ಎನ್ನುವವನು ಪ್ರಾರ್ಥನೆಯನ್ನೇ ಮರೆಯುತ್ತಾನೆಂಬುದು ಅವರ ವಾದದ ಸಾರ. ಪ್ರಾರ್ಥನೆ, ವಾಕ್ಯ, ಉಪವಾಸ, ಕರ್ತನ ಭೋಜನ ಇವು ನಂಬಿಕೆಯುಳ್ಳವರಿಗೆ ಸಿಗುವ ಬಹುಮಾನಗಳಲ್ಲ. ನಂಬಿಕೆ ಕುಂದಿದವರಿಗೆ ಕೃಪೆ ಹರಿದು ಬರುವ ಕಾಲುವೆಗಳು. ಆದ್ದರಿಂದ ಒಳಗೆ ಒಣಗಿದವನೇ ಅವುಗಳ ಬಳಿ ಮೊದಲು ಹೋಗಬೇಕು. ಕಾಲುವೆಗಳನ್ನೇ ನೀರೆಂದು ತಿಳಿಯಬಾರದೆಂದೂ ಅವರು ಎಚ್ಚರಿಸಿದರು, ಏಕೆಂದರೆ ಆಕ್ಸ್‌ಫರ್ಡಿನ ವರ್ಷಗಳಲ್ಲಿ ಅವರೇ ಹಾಗೆ ತಿಳಿದಿದ್ದರು. 1740ರ ಜುಲೈಯಲ್ಲಿ ಬೆರಳೆಣಿಕೆಯ ಜನರೊಂದಿಗೆ ಫೆಟರ್ ಲೇನ್ ಬಿಟ್ಟು, ಹಿಂದೆ ಫಿರಂಗಿ ಎರಕಹೊಯ್ಯುತ್ತಿದ್ದ ಫೌಂಡರಿ ಎಂಬ ಕಟ್ಟಡದಲ್ಲಿ ತಮ್ಮದೇ ಸಂಘವನ್ನು ನೆಲೆಗೊಳಿಸಿದರು.

ತರಗತಿ ಕೂಟಗಳು

ಮೆಥಡಿಸ್ಟರ ಅತ್ಯಂತ ಫಲಕಾರಿಯಾದ ವ್ಯವಸ್ಥೆ ಹುಟ್ಟಿದ್ದು ಸಾಲ ತೀರಿಸುವ ಚರ್ಚೆಯಲ್ಲಿ. ಬ್ರಿಸ್ಟಲ್ಲಿನ ಸಭಾಗೃಹದ ಸಾಲ ಬೆಳೆದಿತ್ತು. 1742ರ ಫೆಬ್ರವರಿಯಲ್ಲಿ ಕ್ಯಾಪ್ಟನ್ ಫಾಯ್ ಎಂಬುವರು, ಪ್ರತಿಯೊಬ್ಬ ಸದಸ್ಯನೂ ವಾರಕ್ಕೊಂದು ಪೆನ್ನಿ ಕೊಡಲಿ ಎಂದರು. ಬಡವರಿಗೆ ಅದೂ ಭಾರವೆಂಬ ಆಕ್ಷೇಪ ಬಂದಾಗ, ಅತಿ ಬಡವರಾದ ಹನ್ನೊಂದು ಮಂದಿಯನ್ನು ತನಗೆ ವಹಿಸಿಕೊಡಿ, ಅವರು ಕೊಡಲಾಗದಿದ್ದರೆ ತಾನೇ ತುಂಬುವೆನೆಂದು ಹೊಣೆ ಹೊತ್ತರು. ಇತರರೂ ಅಂತೆಯೇ ಹನ್ನೊಂದು ಹನ್ನೊಂದು ಜನರನ್ನು ವಹಿಸಿಕೊಂಡರು.

ಹಣ ಕೇಳಲು ಮನೆ ಮನೆಗೆ ಹೋದ ಈ ನಾಯಕರು ಬೇರೆಯೇ ಸಮಾಚಾರ ತಂದರು. ಒಬ್ಬ ಮತ್ತೆ ಕುಡಿತಕ್ಕೆ ಬಿದ್ದಿದ್ದಾನೆ, ಇನ್ನೊಬ್ಬನ ಮನೆಯಲ್ಲಿ ಜಗಳ ನಿಂತಿಲ್ಲ. ಬಯಲಿನಲ್ಲಿ ಕಣ್ಣೀರಿಟ್ಟವರು ಮನೆಯಲ್ಲಿ ಹೇಗಿದ್ದಾರೆಂದು ವೆಸ್ಲಿಗೆ ತಿಳಿದದ್ದು ಹೀಗೆ. ಮನೆ ಮನೆಗೆ ಹೋಗುವುದು ಅನನುಕೂಲವಾದಾಗ ಹನ್ನೆರಡು ಮಂದಿಯೂ ವಾರಕ್ಕೊಮ್ಮೆ ಒಂದೆಡೆ ಸೇರತೊಡಗಿದರು. ನಾಯಕರು ತಮ್ಮ ಆತ್ಮದ ಸ್ಥಿತಿಯನ್ನು ಮೊದಲು ಹೇಳಿ, ಬಳಿಕ ಒಬ್ಬೊಬ್ಬರನ್ನಾಗಿ ವಿಚಾರಿಸುವರು. ನೇಕಾರ, ಚಮ್ಮಾರ, ಮನೆಗೆಲಸದ ಹೆಂಗಸು ಹೀಗೆ ಓದುಬರಹ ಕಡಿಮೆಯಿದ್ದವರು ಸಹ ನಾಯಕರಾಗಬಹುದಿತ್ತು. ಅನೇಕ ತರಗತಿಗಳನ್ನು ಸ್ತ್ರೀಯರು ನಡೆಸುತ್ತಿದ್ದರು. ಮೂರು ತಿಂಗಳಿಗೊಮ್ಮೆ ವಿಚಾರಣೆ ಮಾಡಿ ಹೊಸ ಚೀಟಿ ಕೊಡುವ ಪದ್ಧತಿಯಿತ್ತು. ಚೀಟಿ ಸಿಗದವನು ಸದಸ್ಯನಲ್ಲ.

ಸೇರಲು ಬೇಕಾದ ಅರ್ಹತೆ ಮಾತ್ರ ಬಹಳ ಸರಳ: ಪಾಪದಿಂದ ಬಿಡುಗಡೆಯಾಗಬೇಕೆಂಬ ಬಯಕೆ. ಅನುಭವದ ಸಾಕ್ಷ್ಯವನ್ನು ಯಾರೂ ಕೇಳುತ್ತಿರಲಿಲ್ಲ. ಆ ಬಯಕೆ ಮುಂದುವರಿದಿದೆಯೆಂಬುದು ಕೆಡುಕನ್ನು ಬಿಡುವುದರಲ್ಲಿ, ಒಳಿತನ್ನು ಮಾಡುವುದರಲ್ಲಿ, ಕೃಪಾಸಾಧನಗಳನ್ನು ಬಳಸುವುದರಲ್ಲಿ ಕಾಣಬೇಕೆಂದು 1743ರ ಸಾಮಾನ್ಯ ನಿಯಮಗಳು ವಿಧಿಸಿದವು. ಭಾವೋದ್ರೇಕವನ್ನು ಬಡಿದೆಬ್ಬಿಸುವವರೆಂದು ಪಂಡಿತರಿಂದ ಬೈಸಿಕೊಂಡ ವ್ಯಕ್ತಿ, ತನ್ನ ಸಂಘದ ಬಾಗಿಲಲ್ಲಿ ಭಾವವನ್ನು ಅಳೆಯಲೇ ಇಲ್ಲ.

ಅದೇ ವರ್ಷದ ಮಾರ್ಚಿಯಲ್ಲಿ ನ್ಯೂಕಾಸಲ್ ಸಂಘವನ್ನು ಬಿಟ್ಟವರ ಲೆಕ್ಕವನ್ನು ವೆಸ್ಲಿ ತೆಗೆದರು. ತಾವಾಗಿ ಬಿಟ್ಟವರು 76 ಮಂದಿ. ಅವರಲ್ಲಿ 14 ಮಂದಿಗೆ, ಬಿಡದಿದ್ದರೆ ಕರ್ತನ ಭೋಜನ ಕೊಡುವುದಿಲ್ಲವೆಂದು ತಮ್ಮ ಸಭಾಪಾಲಕರಿಂದ ಬೆದರಿಕೆಯಿತ್ತು. 9 ಮಂದಿಗೆ ಜನ ನಗುತ್ತಾರೆಂಬ ಸಂಕೋಚ. ಇಬ್ಬರಿಗೆ ಸಂಘದಲ್ಲಿದ್ದ ಇನ್ನೊಬ್ಬ ಸದಸ್ಯನನ್ನು ಕಂಡರಾಗದು. ಒಬ್ಬನಿಗೆ ದೇವರ ಸೇವೆಗೆ ಇನ್ನೂ ಬೇಕಾದಷ್ಟು ಕಾಲವಿದೆಯೆಂಬ ಎಣಿಕೆ. ಸಂಘವೇ ಹೊರಹಾಕಿದವರು 64 ಮಂದಿ. ಕುಡಿತಕ್ಕಾಗಿ 17, ಹೆಂಡತಿಯನ್ನು ಹೊಡೆದುದಕ್ಕಾಗಿ 1. ಅತಿ ಹೆಚ್ಚು, ಅಂದರೆ 29 ಮಂದಿ, ಹೋದದ್ದು ಬರಿಯ ಹಗುರತನ ಮತ್ತು ಅಲಕ್ಷ್ಯಕ್ಕಾಗಿ. ಘೋರಪಾಪಕ್ಕಿಂತ ಉದಾಸೀನವೇ ಸಂಘವನ್ನು ಹೆಚ್ಚು ತಿನ್ನುತ್ತದೆಂಬುದಕ್ಕೆ ಇದಕ್ಕಿಂತ ನೇರವಾದ ದಾಖಲೆ ಆ ಕಾಲದಲ್ಲಿ ಸಿಗುವುದು ಅಪರೂಪ.

1763ರಲ್ಲಿ ವೇಲ್ಸ್‌ನ ಪೆಂಬ್ರೋಕ್‌ಶೈರಿಗೆ ಹೋದಾಗ ಇನ್ನೊಂದು ಬಗೆಯ ಸಾಕ್ಷ್ಯ ದೊರೆಯಿತು. ಅಲ್ಲಿ ಇಪ್ಪತ್ತು ವರ್ಷ ಬೋಧನೆ ನಡೆದಿದ್ದರೂ ಕ್ರಮವಾದ ಕೂಟಗಳಿರಲಿಲ್ಲ. ಒಮ್ಮೆ ಎಚ್ಚೆತ್ತಿದ್ದ ಹತ್ತರಲ್ಲಿ ಒಂಬತ್ತು ಮಂದಿ ಮೊದಲಿಗಿಂತ ಗಾಢವಾಗಿ ನಿದ್ರಿಸುತ್ತಿರುವುದನ್ನು ಕಂಡ ವೆಸ್ಲಿ, ಎಬ್ಬಿಸಿದವರನ್ನು ಒಂದುಗೂಡಿಸಿ ನಡೆಸಲಾಗದ ಕಡೆ ಬೋಧಿಸುವುದೇ ಬೇಡವೆಂಬ ನಿರ್ಧಾರಕ್ಕೆ ಬಂದರು.

ತರಗತಿಗಳ ಜೊತೆಗೆ ಬೇರೆ ಕ್ರಮಗಳೂ ಇದ್ದವು. ರೊಟ್ಟಿ ಮತ್ತು ನೀರನ್ನು ಹಂಚಿಕೊಂಡು ಸಾಕ್ಷಿ ಹೇಳುವ ಪ್ರೀತಿಭೋಜನ ಒಂದು. ಕಿಂಗ್ಸ್‌ವುಡ್ಡಿನ ಗಣಿಗಾರರು ಹಿಂದೆ ಹೆಂಡದಂಗಡಿಯಲ್ಲಿ ಕಳೆಯುತ್ತಿದ್ದ ರಾತ್ರಿಯನ್ನು ಪ್ರಾರ್ಥನೆಯಲ್ಲಿ ಕಳೆಯತೊಡಗಿದ್ದರಿಂದ ಹುಟ್ಟಿದ ಜಾಗರಣೆಯ ಆರಾಧನೆ ಇನ್ನೊಂದು. 1755ರ ಆಗಸ್ಟ್ 11ರಂದು ಲಂಡನ್ನಿನಲ್ಲಿ ಸುಮಾರು 1,800 ಮಂದಿ ಎದ್ದು ನಿಂತು ದೇವರೊಂದಿಗಿನ ಒಡಂಬಡಿಕೆಯನ್ನು ನವೀಕರಿಸಿದರು. ಒಮ್ಮೆ ಕೊಟ್ಟ ಮಾತನ್ನು ಮತ್ತೆ ಮತ್ತೆ ಕೊಡುವ ಈ ಆರಾಧನೆ ಮುಂದೆ ಹೊಸ ವರ್ಷದ ಪದ್ಧತಿಯಾಯಿತು.

ದಾಂಪತ್ಯ

1751ರಲ್ಲಿ ವಿಧವೆ ಮೇರಿ ವಜೀಲ್ ಅವರನ್ನು ವಿವಾಹವಾದರು. ಮದುವೆಯಿಂದ ಒಂದು ಪ್ರಸಂಗವೂ ಒಂದು ಪಯಣವೂ ಕಡಿಮೆಯಾಗಕೂಡದೆಂಬುದು ಅವರ ನಿಲುವಾಗಿತ್ತು. ಅದರ ಬೆಲೆಯನ್ನು ಇಬ್ಬರೂ ತೆತ್ತರು. ಮೇರಿ ಹಲವು ಬಾರಿ ಮನೆ ಬಿಟ್ಟು ಹೋದರು. 1781ರಲ್ಲಿ ಅವರು ತೀರಿಕೊಂಡಾಗ ದಂಪತಿ ದೂರವಾಗಿಯೇ ಇದ್ದರು.

1766ರ ಪತ್ರ

1766ರ ಜೂನ್ 27ರಂದು, ಅರವತ್ತಮೂರನೆಯ ವಯಸ್ಸಿನಲ್ಲಿ, ಚಾರ್ಲ್ಸ್‌ಗೆ ಬರೆದ ಪತ್ರವೊಂದು ಉಳಿದುಬಂದಿದೆ. ಅದರ ಕೆಲವು ವಾಕ್ಯಗಳು ಸಹೋದರರಿಗೆ ಮಾತ್ರ ತಿಳಿಯುವಂತೆ ಶೀಘ್ರಲಿಪಿಯಲ್ಲಿವೆ. ತಾನು ದೇವರನ್ನು ಪ್ರೀತಿಸುತ್ತಿಲ್ಲ, ಎಂದೂ ಪ್ರೀತಿಸಿದ್ದಿಲ್ಲ. ಕ್ರೈಸ್ತ ಅರ್ಥದಲ್ಲಿ ಎಂದೂ ನಂಬಿದ್ದಿಲ್ಲ. ತನಗೆ ಭಯವೇನಾದರೂ ಇದ್ದರೆ ಅದು ನರಕದ್ದಲ್ಲ, ಶೂನ್ಯಕ್ಕೆ ಬೀಳುವುದರದು ಎಂಬುದು ಅವುಗಳ ತಾತ್ಪರ್ಯ. ಹಾಗಿದ್ದರೂ ದೇವರು ತನ್ನಿಂದ ಇಷ್ಟು ಕೆಲಸ ಮಾಡಿಸುತ್ತಿದ್ದಾನೆ, ಹಿಂದಕ್ಕೂ ಮುಂದಕ್ಕೂ ಹೋಗಲಾಗದಂತೆ ಬೇಲಿ ಕಟ್ಟಿದ್ದಾನೆ ಎಂದು ಅಚ್ಚರಿಪಡುತ್ತಾರೆ. ಕೆಲಸದ ಮೇಲಿನ ಹುಮ್ಮಸ್ಸು ಕಡಿಮೆಯಾಗುವ ಬದಲು ಹೆಚ್ಚುತ್ತಿದೆಯೆಂಬ ಮಾತೂ ಅದೇ ಪತ್ರದಲ್ಲಿದೆ.

ಈ ಪತ್ರವನ್ನು ಹೇಗೆ ಓದಬೇಕೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಕೆಲವರು ಆಲ್ಡರ್ಸ್‌ಗೇಟ್ ಅನುಭವವನ್ನೇ ಪ್ರಶ್ನಿಸಲು ಇದನ್ನು ಬಳಸುತ್ತಾರೆ. ಕೆಲವರು ದಣಿವಿನ ಮಾತೆನ್ನುತ್ತಾರೆ. ವಾಸ್ತವಾಂಶವಿಷ್ಟು: ಪತ್ರ ಬರೆದ ಆ ದಿನಗಳಲ್ಲಿಯೂ ಅವರು ಬೆಳಗಿನ ನಾಲ್ಕಕ್ಕೆ ಏಳುವುದನ್ನಾಗಲಿ, ಐದಕ್ಕೆ ಬೋಧಿಸುವುದನ್ನಾಗಲಿ, ತಮ್ಮ ಕೂಟಗಳ ವಿಚಾರಣೆಯನ್ನಾಗಲಿ ಬಿಡಲಿಲ್ಲ. ಬೋಲರ್ ಹೇಳಿಕೊಟ್ಟಿದ್ದ ಪಾಠ ಇಪ್ಪತ್ತೆಂಟು ವರ್ಷದ ಮೇಲೂ ಉಪಯೋಗಕ್ಕೆ ಬರುತ್ತಿತ್ತೆಂದು ಕಾಣುತ್ತದೆ.

ಹಣದ ಭಯ

ವಯಸ್ಸಾದಂತೆ ವೆಸ್ಲಿ ಅವರ ಚಿಂತೆ ಹಿಂಸೆಯಿಂದ ಸಂಪತ್ತಿನ ಕಡೆಗೆ ತಿರುಗಿತು. 1786ರಲ್ಲಿ ಬರೆದ ಲೇಖನವೊಂದರಲ್ಲಿ, ಮೆಥಡಿಸ್ಟರು ಇಲ್ಲವಾಗುವರೆಂಬ ಭಯ ತನಗಿಲ್ಲ, ಶಕ್ತಿ ಹೋಗಿ ಆಕಾರ ಮಾತ್ರ ಉಳಿದ ಸತ್ತ ಪಂಥವಾಗಿ ಉಳಿಯುವರೆಂಬ ಭಯವಿದೆ ಎಂಬ ಅಭಿಪ್ರಾಯವನ್ನು ಮಂಡಿಸಿದರು. ಅವರ ತರ್ಕ ಹೀಗೆ ಸಾಗುತ್ತದೆ. ನಿಜವಾದ ಧರ್ಮ ಮನುಷ್ಯನನ್ನು ದುಡಿಮೆಗಾರನನ್ನಾಗಿಯೂ ಮಿತವ್ಯಯಿಯನ್ನಾಗಿಯೂ ಮಾಡುತ್ತದೆ. ಇವೆರಡರಿಂದ ಹಣ ಬೆಳೆಯುತ್ತದೆ. ಹಣ ಬೆಳೆದಂತೆ ಅಹಂಕಾರ, ಲೋಕದ ಮೋಹ ಬೆಳೆಯುತ್ತವೆ. ಧರ್ಮದ ಸತ್ವ ಕುಗ್ಗುತ್ತದೆ. ಅಂದರೆ ಭಕ್ತಿ ತನ್ನ ಫಲದಿಂದಲೇ ನಾಶವಾಗುತ್ತದೆ. ಇದಕ್ಕೆ ಅವರು ಕಂಡ ಮದ್ದು ಒಂದೇ: ಆದಷ್ಟು ಗಳಿಸುವವರು, ಆದಷ್ಟು ಉಳಿಸುವವರು, ಆದಷ್ಟು ಕೊಟ್ಟುಬಿಡಬೇಕು. ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಪ್ರಾಟೆಸ್ಟಂಟ್ ನೀತಿಯನ್ನು ಕುರಿತ ತಮ್ಮ ಗ್ರಂಥದಲ್ಲಿ ಈ ವಿಚಾರವನ್ನು ಎತ್ತಿಕೊಂಡಿದ್ದಾರೆ.

ಆಕ್ಸ್‌ಫರ್ಡಿನ ಆರಂಭದ ಮೆಥಡಿಸ್ಟರಲ್ಲೊಬ್ಬನು ವರ್ಷಕ್ಕೆ 30 ಪೌಂಡ್ ಬಂದಾಗ 28ರಲ್ಲಿ ಬದುಕಿ 2 ಪೌಂಡ್ ದಾನ ಮಾಡಿದ; ಆದಾಯ 60, 90, 120 ಆದಾಗಲೂ ಅದೇ 28ರಲ್ಲಿ ಬದುಕಿ ಉಳಿದುದನ್ನೆಲ್ಲ ಕೊಟ್ಟ ಎಂದು ವೆಸ್ಲಿ ಪ್ರಸಂಗವೊಂದರಲ್ಲಿ ಹೇಳಿದ್ದಾರೆ. ಆ ವ್ಯಕ್ತಿ ಅವರೇ ಎಂಬುದು ಸಾಮಾನ್ಯ ಅಭಿಪ್ರಾಯ. ಪುಸ್ತಕಗಳ ಮಾರಾಟದಿಂದ ಬಂದ ದೊಡ್ಡ ಮೊತ್ತಗಳೂ ಇದೇ ದಾರಿಯಲ್ಲಿ ಹೋದವು. ಆದರೆ ಈ ವಿಷಯದಲ್ಲಿ ಅನುಯಾಯಿಗಳು ತಮ್ಮ ಮಾತಿನ ಮೊದಲೆರಡು ಭಾಗಗಳನ್ನು ಪಾಲಿಸಿ ಮೂರನೆಯದನ್ನು ಬಿಡುತ್ತಿದ್ದಾರೆಂಬ ನೋವು ಕೊನೆಯ ಪ್ರಸಂಗಗಳಲ್ಲಿ ಅಡಗಿಲ್ಲ.

ಕೊನೆಯ ವರ್ಷಗಳು

1784ರಲ್ಲಿ ಅಮೆರಿಕದ ಸಭೆಗಳಿಗಾಗಿ ತಾವೇ ಗುರುದೀಕ್ಷೆ ನೀಡಿ, ಥಾಮಸ್ ಕೋಕ್ ಅವರನ್ನು ಮೇಲ್ವಿಚಾರಕರನ್ನಾಗಿ ಕಳುಹಿಸಿದರು. ಚಾರ್ಲ್ಸ್‌ಗೆ ಇದು ಒಪ್ಪಿಗೆಯಾಗಲಿಲ್ಲ. ತಮ್ಮ ಅನಂತರದ ಆಡಳಿತವನ್ನು ನೂರು ಮಂದಿ ಬೋಧಕರ ಸಮ್ಮೇಳನಕ್ಕೆ ವಹಿಸುವ ಕಾನೂನುಪತ್ರವನ್ನೂ ಅದೇ ವರ್ಷ ಮಾಡಿದರು. ಆ ವಸಂತದ ಪ್ರವಾಸದಲ್ಲಿ ಕೆಲವು ಊರುಗಳು ಬೆಳಗಿನ ಐದರ ಪ್ರಸಂಗವನ್ನು ಕೈಬಿಟ್ಟಿರುವುದು ಗೊತ್ತಾದಾಗ ಎಂಬತ್ತರ ಮುದುಕ ತೀರ ಕಳವಳಗೊಂಡರು. ಮೊದಲ ಪ್ರೀತಿ ಹೋಗುತ್ತಿರುವ ಗುರುತು ಅದೆಂದು ಅವರ ಭಾವನೆ.

ಗುಲಾಮ ವ್ಯಾಪಾರವನ್ನು ಖಂಡಿಸಿ 1774ರಲ್ಲಿ ಪುಸ್ತಿಕೆ ಬರೆದಿದ್ದರು. ಅವರ ಕೊನೆಯದೆಂದು ತಿಳಿಯಲಾದ ಪತ್ರ, 1791ರ ಫೆಬ್ರವರಿ 24ರದು, ಅದೇ ಹೋರಾಟದಲ್ಲಿದ್ದ ವಿಲಿಯಂ ವಿಲ್ಬರ್‌ಫೋರ್ಸ್ ಅವರಿಗೆ ಧೈರ್ಯ ಹೇಳಿ ಬರೆದದ್ದು. ಮಾರ್ಚ್ 2ರಂದು ಲಂಡನ್ನಿನ ಸಿಟಿ ರೋಡ್ ಮನೆಯಲ್ಲಿ, ಎಂಬತ್ತೇಳನೆಯ ವಯಸ್ಸಿನಲ್ಲಿ ನಿಧನರಾದರು. 1778ರಲ್ಲಿ ತಾವೇ ತೆರೆದಿದ್ದ ದೇವಾಲಯದ ಹಿಂಭಾಗದಲ್ಲಿ ಅವರ ಸಮಾಧಿಯಿದೆ. ಕೊನೆಯವರೆಗೂ ಅವರು ಆಂಗ್ಲಿಕನ್ ಗುರುಗಳಾಗಿಯೇ ಉಳಿದರು. ಮೆಥಡಿಸ್ಟರು ಪ್ರತ್ಯೇಕ ಸಭೆಯಾದದ್ದು ಅವರ ಮರಣಾನಂತರ.

ಕರ್ನಾಟಕದೊಂದಿಗಿನ ಸಂಬಂಧ

ವೆಸ್ಲಿ ಭಾರತಕ್ಕೆ ಬಂದವರಲ್ಲ. ಥಾಮಸ್ ಕೋಕ್ ಸಿಲೋನಿಗೆ ಹೊರಟು 1814ರಲ್ಲಿ ಹಿಂದೂ ಮಹಾಸಾಗರದಲ್ಲಿಯೇ ತೀರಿಕೊಂಡರು. ಜೊತೆಗಿದ್ದವರು ಕಟ್ಟಿದ ವೆಸ್ಲಿಯನ್ ಮಿಷನ್ ಮುಂದೆ ಬೆಂಗಳೂರು, ಮೈಸೂರು, ಗುಬ್ಬಿ, ತುಮಕೂರು ಮುಂತಾದ ಕಡೆ ನೆಲೆಯೂರಿತು. ಮೈಸೂರಿನ ವೆಸ್ಲಿ ಮುದ್ರಣಾಲಯ ಮತ್ತು ಅಲ್ಲಿಂದ ಹೊರಡುತ್ತಿದ್ದ ವೃತ್ತಾಂತ ಪತ್ರಿಕೆ ಕನ್ನಡ ಮುದ್ರಣ ಹಾಗೂ ಪತ್ರಿಕೋದ್ಯಮದ ಚರಿತ್ರೆಯಲ್ಲಿ ಪರಿಚಿತ ಹೆಸರುಗಳು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯೂ ಇದೇ ಮಿಷನ್ನಿನ ಸ್ಥಾಪನೆ. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತದ ಮೆಥಡಿಸ್ಟ್ ಸಭೆಗಳು ಇತರ ಸಭೆಗಳೊಡನೆ ಸೇರಿ ದಕ್ಷಿಣ ಭಾರತ ಸಭೆಯಾದಾಗ, ಒಡಂಬಡಿಕೆಯ ಆರಾಧನೆಯೂ ಆ ಸಭೆಯ ಆರಾಧನಾ ಕ್ರಮಗಳಲ್ಲಿ ಸೇರಿಕೊಂಡಿತು.